‘ಬಂಗಾರದ ಮನುಷ್ಯ’ನ ಹಿಂದೆ ಹೊಲಕ್ಕೆ ಹೋದವರು

1972ರ ಮಾರ್ಚ್ ತಿಂಗಳ ಕೊನೆಯ ದಿನ ‘ಬಂಗಾರದ ಮನುಷ್ಯ’ ತೆರೆಕಂಡಿತು. ನಮ್ಮ ರಾಜ್ಯಕ್ಕೆ ಆಗ ಮೈಸೂರು ಎಂದೇ ಹೆಸರು. ಅದು ಕರ್ನಾಟಕವಾಗಲು ಇನ್ನೂ ಒಂದೂವರೆ ವರ್ಷವಿತ್ತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿ ಎರಡು ವಾರವೂ ಕಳೆದಿರಲಿಲ್ಲ. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ನಡೆಯಿತು. ಓಟದ ದಾಖಲೆಗಳು ಕಾಲಾನಂತರ ಮುರಿದುಹೋಗುತ್ತವೆ. ಆದರೆ ಈ ಚಿತ್ರದ ಬಗ್ಗೆ ಕನ್ನಡಿಗರು ಇಂದಿಗೂ ಹೇಳುವ ಮಾತು ಬೇರೆಯದು: ಇದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಊರಿಗೆ ಮರಳಿ ನೇಗಿಲು ಹಿಡಿದರು ಎಂಬುದು.

ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಕ್ಕನ ಊರಿಗೆ ಬಂದ ವಿದ್ಯಾವಂತ ತರುಣ ರಾಜೀವ, ಭಾವ ತೀರಿಕೊಂಡ ಮೇಲೆ ಆ ಸಂಸಾರದ ಹೊಣೆ ಹೊತ್ತು ಅಲ್ಲಿಯೇ ನಿಲ್ಲುತ್ತಾನೆ. ಬರಡು ನೆಲವನ್ನು ಹಸನು ಮಾಡುತ್ತಾನೆ. ಇದೇ ನಿರ್ದೇಶಕರು ಮೂರು ವರ್ಷ ಮೊದಲು ‘ಮೇಯರ್ ಮುತ್ತಣ್ಣ’ದಲ್ಲಿ ಹಳ್ಳಿಯ ಮನುಷ್ಯನೊಬ್ಬನನ್ನು ಬೆಂಗಳೂರಿಗೆ ಕರೆತಂದು ನಗರಪಿತನ ಕುರ್ಚಿಯಲ್ಲಿ ಕೂರಿಸಿದ್ದರು. ಈಗ ದಾರಿಯನ್ನು ತಿರುಗಿಸಿದರು. ಹಿಂದಿ ಚಿತ್ರರಂಗದಲ್ಲಿ ‘ದೋ ಬಿಘಾ ಜಮೀನ್’ನ ರೈತ ಸಾಲ ತೀರಿಸಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆದ, ‘ಮದರ್ ಇಂಡಿಯಾ’ದ ತಾಯಿ ನೆಲವನ್ನು ಬಿಡದೆ ಬೆಂದಳು. ಎರಡರಲ್ಲಿಯೂ ಬೇಸಾಯವೆಂದರೆ ತಾಳಿಕೊಳ್ಳಬೇಕಾದ ದುಃಖ. ರಾಜೀವನಿಗೆ ಮಾತ್ರ ಅದು ಓದಿದವನು ತಾನಾಗಿ ಆರಿಸಿಕೊಳ್ಳಬಹುದಾದ ಒಂದು ವೃತ್ತಿಯಾಯಿತು. ಡಿಗ್ರಿ ಮುಗಿಸಿ ಅರ್ಜಿ ಗುಜರಾಯಿಸುತ್ತ ಕುಳಿತಿದ್ದ ಒಂದು ತಲೆಮಾರಿಗೆ ಇದು ಹೊಸ ಮಾತು. ಅದನ್ನು ಹೇಳಿದವರು ರಾಜ್‌ಕುಮಾರ್ ಎಂಬುದೂ ಸಣ್ಣ ಸಂಗತಿಯಲ್ಲ. ಗಾಜನೂರಿನ ಮಣ್ಣಿನಿಂದ ಬಂದ, ಹೆಚ್ಚು ಶಾಲೆ ಕಾಣದ ಕಲಾವಿದರು ಓದಿದ ಹುಡುಗನ ಪಾತ್ರದಲ್ಲಿ ನಿಂತು, ಹೊಲಕ್ಕಿಳಿಯುವುದು ಅವಮಾನವಲ್ಲವೆಂದು ತೋರಿಸಿಕೊಟ್ಟರು.

ಕಲೆ ಬದುಕನ್ನು ಹೀಗೆ ನೇರವಾಗಿ ತಿರುಗಿಸಬಲ್ಲುದೇ? ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನಮಗೆ ಹೇಳಿಕೊಟ್ಟ ಉದಾಹರಣೆ 1774ರ ಗಯಟೆಯ ‘ವರ್ಥರ್’. ಆ ಕಾದಂಬರಿಯನ್ನು ಓದಿ ಯುರೋಪಿನ ತರುಣರು ನಾಯಕನಂತೆ ನೀಲಿ ಕೋಟು, ಹಳದಿ ಒಳಅಂಗಿ ತೊಟ್ಟರು. ಲೈಪ್‌ಸಿಗ್ ನಗರ ಪುಸ್ತಕವನ್ನೂ ಆ ಉಡುಪನ್ನೂ ನಿಷೇಧಿಸಿತು. ಆದರೆ ಅಷ್ಟು ದೂರದ ಉದಾಹರಣೆಯನ್ನು ಹುಡುಕುವ ಅಗತ್ಯ ನಮ್ಮ ಅಧ್ಯಾಪಕರಿಗೆ ಏಕೆ ಬಂತೋ! ಕೋಟು ಬದಲಿಸುವುದಕ್ಕಿಂತ ಕಸುಬು ಬದಲಿಸುವುದು ಕಷ್ಟ.

ಹಾಗೆಂದು ಊರಿಗೆ ಮರಳಿದವರ ದಂಡೇ ಇತ್ತೆಂದು ಉತ್ಪ್ರೇಕ್ಷಿಸುವುದೂ ಸಲ್ಲ. ಜನಗಣತಿಯ ಲೆಕ್ಕದಂತೆ 1971ರಲ್ಲಿ ನಮ್ಮ ರಾಜ್ಯದ ನಗರವಾಸಿಗಳು ಶೇಕಡಾ 24ರಷ್ಟಿದ್ದರೆ 1981ರ ಹೊತ್ತಿಗೆ ಶೇಕಡಾ 29ರ ಹತ್ತಿರ ಬಂದಿದ್ದರು. ಹೊಳೆ ಪಟ್ಟಣದ ಕಡೆಗೇ ಹರಿಯುತ್ತಿತ್ತು. ಅದರ ಎದುರು ಈಜಿದವರು ಕೆಲವರು. ಆ ಕೆಲವರ ಬದುಕಿನಲ್ಲಿ ಚಿತ್ರ ನಿಜವಾಗಿಯೂ ಒಂದು ತಿರುವು. ಅದಕ್ಕೆ ಕಾಲವೂ ಕೂಡಿಬಂದಿತ್ತು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಹಳ್ಳಿಗಳಲ್ಲಿ ಶಾಖೆಗಳು ತೆರೆಯತೊಡಗಿದ್ದವು. ಹೈಬ್ರಿಡ್ ಬೀಜ, ರಸಗೊಬ್ಬರ, ಪಂಪ್‌ಸೆಟ್ಟುಗಳ ಮಾತು ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಲ್ಲಿ ದಿನವೂ ಕೇಳಿಬರುತ್ತಿತ್ತು. ಒಣಗಿದ ಕಟ್ಟಿಗೆ ಸಿದ್ಧವಿತ್ತು. ಚಿತ್ರ ಕಡ್ಡಿ ಗೀರಿತು.

ನಮ್ಮ ಚಿಕ್ಕಪ್ಪನವರು ಆ ಕೆಲವರಲ್ಲಿ ಒಬ್ಬರು. ಮುಂಬಯಿಯ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ರಜೆಯಲ್ಲಿ ಊರಿಗೆ ಬಂದಾಗ ದಾವಣಗೆರೆಯಲ್ಲಿ ಈ ಚಿತ್ರವನ್ನು ಮೂರು ಸಲ ನೋಡಿದರಂತೆ. ಮರುವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದರು. ಚಿತ್ರದುರ್ಗದ ಕಡೆಯ ಬೆದ್ದಲು, ಆರು ಎಕರೆ. ಬಾವಿ ತೋಡಿಸಲು ಸಾಲ ಬೇಕೆಂದು ಬ್ಯಾಂಕಿಗೆ ಹೋದರೆ ಪಹಣಿ ಕೇಳಿದರು. ಪಹಣಿಯಲ್ಲಿ ತೀರಿಹೋದ ತಾತನ ಹೆಸರಿತ್ತು. ಖಾತೆ ಬದಲಾಯಿಸಲು ಹೊರಟರೆ ಅಣ್ಣತಮ್ಮಂದಿರ ಪಾಲುಪಟ್ಟಿ ಆಗಿರಲಿಲ್ಲ. ತಾಲ್ಲೂಕು ಕಚೇರಿಗೆ ಎರಡು ವರ್ಷ ಅಲೆದರು. ಬೆಳ್ಳಿತೆರೆಯ ಕಥೆಗೆ ಪಹಣಿ, ಖಾತೆಗಳ ಮುಂದೆ ತಡೆದು ನಿಲ್ಲುವ ಪುರುಸೊತ್ತಿರುವುದಿಲ್ಲ. ಎರಡೂವರೆ ಗಂಟೆಯಲ್ಲಿ ಬೆಳೆ ಕೈಗೆ ಬರಬೇಕು.

ಅಷ್ಟರಲ್ಲಿ ಕಾನೂನು ಬಂತು. ಅರಸರ ಸರಕಾರ ತಂದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿ ಪದ್ಧತಿ ರದ್ದಾಗಿ, ಗೇಣಿಯ ನೆಲ ಸರಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮೂಲಕ ಒಡೆತನ ಪಡೆಯಬಹುದಾಯಿತು. ಕರಾವಳಿಯ ಮುಂಬಯಿ ಕನ್ನಡಿಗರ ಮನೆಗಳಲ್ಲಿ ‘ಡಿಕ್ಲರೇಷನ್ ಹಾಕಿದರು’ ಎಂಬ ಮಾತು ಇಂದಿಗೂ ಎರಡು ರಾಗಗಳಲ್ಲಿ ಕೇಳುತ್ತದೆ: ನೆಲ ಕಳೆದುಕೊಂಡವರದು ಒಂದು, ಪಡೆದವರದು ಇನ್ನೊಂದು. ನಮ್ಮ ಆರು ಎಕರೆಯಲ್ಲಿ ಮೂರನ್ನು ತಾತನ ಕಾಲದಿಂದಲೂ ಕೋರಿಗೆ ಮಾಡುತ್ತಿದ್ದ ಕುಟುಂಬವೂ ಅರ್ಜಿ ಕೊಟ್ಟಿತು, ನೆಲ ಅವರದಾಯಿತು. ಮನೆಯ ಹಿರಿಯರು ಕನಲಿದರು. ಚಿಕ್ಕಪ್ಪ ಮಾತ್ರ, ‘ಕಲ್ಲು ಆರಿಸಿದವರು ಅವರು, ನಾವು ಸಿನಿಮಾ ನೋಡಿದವರು’ ಎಂದು ಸುಮ್ಮನಾದರಂತೆ. ಉಳಿದ ಮೂರು ಎಕರೆಯಲ್ಲಿ ಶೇಂಗಾ ಬೆಳೆದುಕೊಂಡು ಕೊನೆಯವರೆಗೂ ಅಲ್ಲಿಯೇ ಇದ್ದರು. ಶ್ರೀಮಂತರಾಗಲಿಲ್ಲ, ಮುಂಬಯಿಯ ಮಾತನ್ನೂ ಎತ್ತಲಿಲ್ಲ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಈ ಎರಡು ಘಟನೆಗಳನ್ನು, ಎಂದರೆ 1972ರ ಚಿತ್ರವನ್ನೂ 1974ರ ಕಾನೂನನ್ನೂ, ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ನಮಗನ್ನಿಸುವಂತೆ ಅವೆರಡೂ ನೆಲದ ನ್ಯಾಯವಾದ ಒಡೆಯ ಯಾರು ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. ಬೆವರು ಸುರಿಸಿದವನು ಎಂದು ಇಬ್ಬರೂ ಹೇಳಿದರು. ಚಿತ್ರದ ಬೆವರು ಓದಿ ಬಂದ ಸಂಬಂಧಿಕನದು, ಕಾನೂನಿನ ಬೆವರು ಗೇಣಿದಾರನದು, ವ್ಯತ್ಯಾಸ ಅಷ್ಟೇ. ಅದೇ ತಿದ್ದುಪಡಿಯ 79ಎ ಕಲಂ, ಕೃಷಿಯೇತರ ವರಮಾನ ಗೊತ್ತಾದ ಮಿತಿಯನ್ನು ದಾಟಿದವರು ಸಾಗುವಳಿ ಜಮೀನು ಕೊಳ್ಳದಂತೆಯೂ ತಡೆಯಿತು. ತೆರೆಯ ಮೇಲೆ ಪಟ್ಟಣದವನನ್ನು ಕೈಬೀಸಿ ಕರೆಯುತ್ತಿದ್ದಾಗಲೇ ಹೊಲದ ಬದುವಿನ ಮೇಲೆ ಬೇಲಿ ಎದ್ದಿತು. ಅದನ್ನು ಕಿತ್ತದ್ದು 2020ರಲ್ಲಿ. ಆ ಹೊತ್ತಿಗೆ ನೆಲ ಕೊಳ್ಳಲು ಬಂದವರಲ್ಲಿ ರಾಜೀವನಂಥವರಿಗಿಂತ ಲೇಔಟ್ ಮಾಡುವವರೇ ಹೆಚ್ಚು ಕಾಣುತ್ತಾರೆಂಬುದು ನಮ್ಮ ಅನುಮಾನ.

ಚಿತ್ರವನ್ನು ಮೆಚ್ಚುವವರು ಅದರ ಕೊನೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಹೆಂಡತಿ ತೀರಿಕೊಳ್ಳುತ್ತಾಳೆ; ತಾನೇ ಸಾಕಿ ಓದಿಸಿದ ಅಕ್ಕನ ಮಗನಿಂದ ಆಡಬಾರದ ಮಾತು ಕೇಳಿ ರಾಜೀವ ಮನೆ ಬಿಟ್ಟು ನಡೆದುಬಿಡುತ್ತಾನೆ. ಬಂಗಾರ ಬೆಳೆದ ಹೊಲ ಹಿಂದೆಯೇ ಉಳಿಯುತ್ತದೆ. ಪ್ರೇಕ್ಷಕರು ಕಣ್ಣೊರೆಸಿಕೊಂಡು ಹೊರಬಂದರು. ಕೆಲವರು ನೇರವಾಗಿ ಹೊಲಕ್ಕೇ ಹೋದರು. ಆ ಸೋಲನ್ನು ಕಂಡೂ ಹೋದರಲ್ಲ, ಚಿತ್ರದ ನಿಜವಾದ ಬಲ ಅಲ್ಲಿದೆಯೆಂದು ನಮಗೆ ತೋರುತ್ತದೆ. ಗೆಲುವಿನ ಆಸೆಯೊಂದರಿಂದಲೇ ಅವರು ಹೊರಟಿದ್ದರೆ ಕೊನೆಯ ದೃಶ್ಯ ಅವರನ್ನು ತಡೆಯಬೇಕಿತ್ತು.

ದೆಹಲಿಯ ಸರಕಾರಿ ವಸತಿಗೃಹದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಾವು ಹೋಗದವರ ಪೈಕಿ. ಪ್ರತಿ ಜನವರಿಯಲ್ಲಿ ಇಲಾಖೆಗೆ ಸ್ಥಿರಾಸ್ತಿಯ ವಿವರಪಟ್ಟಿ ಒಪ್ಪಿಸಬೇಕು. ಚಿತ್ರದುರ್ಗ ಜಿಲ್ಲೆ, ಪಿತ್ರಾರ್ಜಿತ, ಒಣ ಬೇಸಾಯದ ಜಮೀನಿನಲ್ಲಿ ಒಂದು ಪಾಲು ಎಂದು ತುಂಬುತ್ತೇವೆ. ಅದರ ಮುಂದೆ ‘ವಾರ್ಷಿಕ ಆದಾಯ’ ಎಂಬ ಅಂಕಣವಿದೆ. ಅಲ್ಲಿ ಹದಿನೇಳು ವರ್ಷಗಳಿಂದ ಸೊನ್ನೆ ಬರೆಯುತ್ತಿದ್ದೇವೆ.