ಹಲ್ಲು ಬೇಗ, ಊಟ ನಿಧಾನ

ಇಂಪ್ಲಾಂಟ್ ಹಾಕಿಸಿಕೊಂಡು ಕುರ್ಚಿಯಿಂದ ಏಳುವವರು ಕೇಳುವುದು ಒಂದೇ: ‘ಊಟಕ್ಕೇನು ಮಾಡೋದು ಡಾಕ್ಟ್ರೇ?’ ‘ಮೆತ್ತಗಿರೋದು ತಿನ್ನಿ’ ಎಂಬ ಉತ್ತರ ಅರವತ್ತು ವರ್ಷಗಳಿಂದ ಬದಲಾಗಿಲ್ಲ. ಅದರ ಹಿಂದಿನ ಕಾರಣ ಮಾತ್ರ ಪೂರಾ ಬದಲಾಗಿದೆ. ಮೊದಲು ಕಾಯಬೇಕಾಗಿದ್ದದ್ದು ವಸಡಿನ ಗಾಯವನ್ನು. ಈಗ ಕಾಯಬೇಕಾದದ್ದು ಒಳಗಿನ ಮೂಳೆಯನ್ನು. ಗಾಯಕ್ಕೆ ಎರಡು ವಾರ ಸಾಕು, ಮೂಳೆಗೆ ಸಾಲದು. ಚಿಕಿತ್ಸೆ ಚುರುಕಾದಷ್ಟೂ ಪಥ್ಯದ ಹೊಣೆ ರೋಗಿಯ ತಟ್ಟೆಗೆ ಸರಿದ ಕತೆ ಇದು.

1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟೇನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಮೂಳೆಗೇ ಬೆಸೆದುಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಗೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಟೈಟೇನಿಯಂ ತಿರುಪುಗಳನ್ನು ಹಾಕಿದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದ ಲಾರ್ಸನ್‌ಗೆ ಉಣ್ಣುವುದೂ ಮಾತಾಡುವುದೂ ಕಷ್ಟವಾಗಿತ್ತು. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಆ ತಿರುಪುಗಳು ಕೆಲಸ ಮಾಡುತ್ತಲೇ ಇದ್ದವು.

ಬ್ರೊನೆಮಾರ್ಕ್ ಕ್ರಮದಲ್ಲಿ ಅವಸರಕ್ಕೆ ಜಾಗವಿರಲಿಲ್ಲ. ತಿರುಪು ಹಾಕಿ, ಮೇಲೆ ವಸಡು ಮುಚ್ಚಿ ಹೊಲಿಯುತ್ತಿದ್ದರು. ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಗೆ ಐದಾರು ತಿಂಗಳು ಬಿಟ್ಟು, ಮತ್ತೆ ವಸಡು ಬಿಡಿಸಿ ಹಲ್ಲು ಕಟ್ಟುತ್ತಿದ್ದರು. ಮೊದಲ ಎರಡು ವಾರ ಹಳೆಯ ಸೆಟ್ಟನ್ನೂ ಬಾಯಿಗಿಡುವಂತಿರಲಿಲ್ಲ. ಹಾಗಾಗಿ ಊಟದ ನಿರ್ಬಂಧವೆಲ್ಲ ಹೊಲಿಗೆಯ ಸುತ್ತ ಇತ್ತು: ಹೆಪ್ಪುಗಟ್ಟಿದ ರಕ್ತ ಕದಲಬಾರದು, ಅಗಳು ಸಿಕ್ಕಿಕೊಳ್ಳಬಾರದು, ಬಿಸಿ ತಾಗಿ ಮತ್ತೆ ರಕ್ತ ಒಸರಬಾರದು. ಹೊಲಿಗೆ ಬಿಚ್ಚಿದ ಮೇಲೆ ರೋಗಿ ಏನು ತಿಂದರೂ ತಿರುಪು ವಸಡಿನಡಿಯಲ್ಲಿ ಬಹುಮಟ್ಟಿಗೆ ಕ್ಷೇಮ.

ಮೊದಲ ದಿನಗಳ ಸೂಚನೆ ಈಗಲೂ ಆ ಕಾಲದ್ದೇ, ಅದು ಸರಿಯೂ ಹೌದು. ಅರಿವಳಿಕೆ ಇಳಿಯುವವರೆಗೆ ಏನನ್ನೂ ಅಗಿಯಬಾರದು, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮೊದಲ ದಿನ ತಣ್ಣಗಿನ ಇಲ್ಲವೇ ಉಗುರುಬೆಚ್ಚಗಿನ ದ್ರವಾಹಾರ: ಮಜ್ಜಿಗೆ, ಎಳನೀರು, ಆರಿದ ರಾಗಿ ಗಂಜಿ, ಸೋಸಿದ ಬೇಳೆಕಟ್ಟು. ಸ್ಟ್ರಾ ಬೇಡ, ಲೋಟ ಎತ್ತಿ ಕುಡಿಯಬೇಕು. ಹೀರುವಾಗಿನ ಎಳೆತಕ್ಕೆ ಹೆಪ್ಪು ಕಿತ್ತು ಬರುವ ಈ ಭಯ ಬಂದದ್ದು ಹಲ್ಲು ಕೀಳುವ ಚಿಕಿತ್ಸೆಯಿಂದ. ಆದರೆ ಮೇಲ್ದವಡೆಯಲ್ಲಿ ಸೈನಸ್ ಎತ್ತಿ ಮೂಳೆಪುಡಿ ತುಂಬಿಸಿದ್ದರೆ ಅದಕ್ಕೆ ಬೇರೆಯೇ ತೂಕ. ಆಗ ಮೂಗು ಸೀಟುವುದೂ ಬೇಡ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡಿನ್ ಕೊಟ್ಟಿದ್ದರೆ ಕಾಫಿ, ಟೀ ಕಡಿಮೆ ಮಾಡಬೇಕು, ಇಲ್ಲವಾದರೆ ಉಳಿದ ಹಲ್ಲಿಗೆ ಕಂದು ಕಲೆ ಕೂರುತ್ತದೆ.

ಲೆಕ್ಕ ಬದಲಾಗತೊಡಗಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಬರ್ನ್‌ನ ಆಂಡ್ರೆ ಶ್ರೋಡರ್ ಅವರ ಬಳಗ ಇಂಪ್ಲಾಂಟಿನ ಕತ್ತನ್ನು ವಸಡಿನ ಹೊರಗೇ ಬಿಡುವ, ಒಂದೇ ಶಸ್ತ್ರಚಿಕಿತ್ಸೆಯ ವಿಧಾನ ಬೆಳೆಸಿತು. ಎರಡನೆಯ ಸಲ ಕೊಯ್ಯುವುದು ತಪ್ಪಿತು, ಆದರೆ ನಾಲಿಗೆ, ತುತ್ತು, ಎದುರಿನ ಹಲ್ಲು ಎಲ್ಲವೂ ಮೊದಲ ದಿನದಿಂದಲೇ ಅದಕ್ಕೆ ತಾಗುವಂತಾಯಿತು. 1979ರಲ್ಲಿ ಫಿಲಿಪ್ ಲೆಡರ್‌ಮನ್ ಕೆಳದವಡೆಯ ಮುಂಭಾಗದಲ್ಲಿ ನಾಲ್ಕು ತಿರುಪು ಹಾಕಿ, ಕಂಬಿಯಿಂದ ಬಿಗಿದು, ಕಾಯದೆ ಹಲ್ಲು ಕೂರಿಸಿದ್ದನ್ನು ವರದಿ ಮಾಡಿದರು. 1982ರ ಟೊರಾಂಟೊ ಸಮ್ಮೇಳನದ ನಂತರ ಬ್ರೊನೆಮಾರ್ಕ್ ವಿಧಾನ ಉತ್ತರ ಅಮೆರಿಕದಲ್ಲಿ ಮಾನ್ಯವಾಯಿತು. ತೊಂಬತ್ತರ ದಶಕದ ಕೊನೆಗೆ ಮರಳು ಚಿಮ್ಮಿಸಿ ಆಮ್ಲದಲ್ಲಿ ಒರಟಾಗಿಸಿದ ಮೇಲ್ಮೈ ಬಂದು, ಮೂಳೆ ಗಟ್ಟಿಯಿದ್ದರೆ ಆರರಿಂದ ಎಂಟು ವಾರಕ್ಕೇ ಹಲ್ಲು ಕಟ್ಟಬಹುದು ಎಂದಾಯಿತು. 2003ರಲ್ಲಿ ಲಿಸ್ಬನ್‌ನ ಪಾಲೊ ಮಾಲೊ ತಂಡ ನಾಲ್ಕೇ ಇಂಪ್ಲಾಂಟ್‌ಗಳ ಮೇಲೆ ಇಡೀ ಸಾಲನ್ನು ತಕ್ಷಣ ನಿಲ್ಲಿಸುವ ‘ಆಲ್ ಆನ್ ಫೋರ್’ ಫಲಿತಾಂಶ ಪ್ರಕಟಿಸಿತು. ಬೆಂಗಳೂರಿನ ಕ್ಲಿನಿಕ್ ಜಾಹೀರಾತುಗಳ ‘ಮೂರೇ ದಿನದಲ್ಲಿ ಹಲ್ಲು’ ಇದೇ ಅವಸರದ ಮುಂದುವರಿಕೆ.

ಇಷ್ಟು ಬೇಗ ಹಲ್ಲು ಬಂದಾಗ ಮೂಳೆಯ ಗತಿ ಏನು? ತಿರುಪು ಮೂಳೆಯೊಳಗೆ ಸುಮಾರು 50ರಿಂದ 150 ಮೈಕ್ರಾನ್‌ಗಿಂತ ಹೆಚ್ಚು ಅಲುಗಿದರೆ, ಸುತ್ತ ಮೂಳೆಯ ಬದಲು ನಾರಿನ ಪದರ ಬೆಳೆಯುತ್ತದೆ. ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ನಾರು ಬೆಳೆಯಿತೆಂದರೆ ಇಂಪ್ಲಾಂಟ್ ಸಡಿಲವಾಗಿ, ಕೊನೆಗೆ ತೆಗೆಯಬೇಕಾಗುತ್ತದೆ. ಇನ್ನೂ ನಾಜೂಕಾದ ಸಂಗತಿ ವೇಳೆಯದು. ಹಾಕಿದ ದಿನ ತಿರುಪು ಬಿಗಿಯಾಗಿರುವುದು ಹಳೆಯ ಮೂಳೆಯ ಹಿಡಿತದಿಂದ. ದೇಹ ಆ ಹಳೆಯ ಮೂಳೆಯ ಅಂಚನ್ನು ಕರಗಿಸಿ ಹೊಸದನ್ನು ಕಟ್ಟುವ ಹೊತ್ತಿಗೆ, ಎರಡನೆಯ ವಾರದಿಂದ ನಾಲ್ಕನೆಯ ವಾರದ ಆಸುಪಾಸಿನಲ್ಲಿ, ಒಟ್ಟು ಬಿಗಿ ಇಳಿದಿರುತ್ತದೆ. ಆ ಹೊತ್ತಿಗೆ ಊತ ಇಳಿದು, ನೋವು ಹೋಗಿ, ಹೊಲಿಗೆ ಬಿಚ್ಚಿಯೂ ಆಗಿರುತ್ತದೆ. ‘ಎಲ್ಲ ಸರಿಹೋಯ್ತು’ ಎಂದು ಮದುವೆ ಮನೆಯಲ್ಲಿ ಚಿರೋಟಿ, ಹಪ್ಪಳಕ್ಕೆ ಕೈ ಹಾಕುವುದು ಸರಿಯಾಗಿ ಆಗಲೇ.

ನೋವನ್ನು ನಂಬುವಂತಿಲ್ಲ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಸ್ವಂತ ಹಲ್ಲಿನ ಬೇರಿನ ಸುತ್ತ ಒತ್ತಡ ಗುರುತಿಸುವ ಪೊರೆಯಿದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ದವಡೆ ತಟ್ಟನೆ ನಿಲ್ಲುವುದು ಅದರಿಂದ. ಇಂಪ್ಲಾಂಟಿಗೆ ಆ ಪೊರೆ ಇಲ್ಲ. ಎಷ್ಟು ಜೋರಾಗಿ ಕಚ್ಚಿದೆವೆಂದು ಅದು ಅಷ್ಟು ಬೇಗ ಹೇಳುವುದಿಲ್ಲ. ಒಂದೇ ಇಂಪ್ಲಾಂಟ್ ಆದರೆ ತಾತ್ಕಾಲಿಕ ಕ್ಯಾಪನ್ನು ಎದುರಿನ ಹಲ್ಲಿಗೆ ತಾಗದಂತೆ ತಗ್ಗಿಸಿ ಕೊಡುತ್ತಾರೆ, ಇನ್ನೊಂದು ಬದಿಯಲ್ಲಿ ಅಗಿಯಬಹುದು. ಇಡೀ ಸಾಲು ಕಟ್ಟಿಸಿಕೊಂಡವರಿಗೆ ಇನ್ನೊಂದು ಬದಿ ಎಂಬುದೇ ಇಲ್ಲ. ಆರು ವಾರದಿಂದ ಮೂರು ತಿಂಗಳವರೆಗೆ ಮೆತ್ತನೆಯ ಊಟ ಎಂದು ಅವರಿಗೆ ಹೇಳುವುದು ಇದಕ್ಕೇ.

ಕ್ಲಿನಿಕ್ಕುಗಳಲ್ಲಿ ಕೊಡುವ ಚೀಟಿ ಸಪ್ಪೆ ಎನಿಸುವುದು ಇಲ್ಲಿ. ಸ್ಮೂದಿ, ಯೋಗರ್ಟ್, ಮ್ಯಾಶ್ ಮಾಡಿದ ಆಲೂಗಡ್ಡೆ, ಐಸ್‌ಕ್ರೀಂ ಎಂದು ಬರೆದಿರುತ್ತದೆ. ನಮ್ಮ ಅಡುಗೆಮನೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಮನೆಯಲ್ಲಿ ಹಿರಿಯರ ಪಥ್ಯ ಬೇರೆ ದಾರಿಯದು: ಬದನೆಕಾಯಿ ನಂಜು, ಮೊಸರು ತಿಂದರೆ ಕೀವು, ಬಿಸಿಬಿಸಿ ಮೆಣಸಿನ ಸಾರು ಒಳ್ಳೆಯದು. ವೈದ್ಯರಿಗೆ ಬೇಕಾದದ್ದು ಎಷ್ಟು ಅಗಿಯಬೇಕು, ಎಷ್ಟು ಬಿಸಿ, ಎಷ್ಟು ಖಾರ ಎಂಬ ಲೆಕ್ಕ. ಮೊಸರಿಗೆ ಅವರ ಒಪ್ಪಿಗೆಯಿದೆ, ಹೊಗೆಯಾಡುವ ಸಾರಿಗಿಲ್ಲ.

ಈ ಲೆಕ್ಕದಲ್ಲಿ ಮುದ್ದೆಯನ್ನು ಮೀರಿಸುವುದು ಕಷ್ಟ. ಅದನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ತೊಡಕಿರುವುದು ಅದರ ಬಿಸಿಯಲ್ಲಿ, ಬಸ್ಸಾರಿನ ಖಾರದಲ್ಲಿ. ಎರಡು ಮೂರು ದಿನ ಕಳೆದ ಮೇಲೆ ಆರಿಸಿ, ಸಪ್ಪೆ ಬೇಳೆಕಟ್ಟಿನಲ್ಲಿ ಹೊರಳಿಸಿ ನುಂಗಿದರೆ ಹೊಟ್ಟೆ ತುಂಬುತ್ತದೆ, ತಿರುಪು ಕದಲುವುದಿಲ್ಲ. (ನುಂಗಲು ಬಾರದವರು ಇದೇ ಸಮಯಕ್ಕೆ ಕಲಿಯಲು ಹೋಗಬಾರದು.) ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿಸಿದ ಹಿಟ್ಟಾದರೆ ಅದು ಮೈಗೆ ಹತ್ತುವುದೂ ಹೆಚ್ಚು. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿ ಮರೆತು ಜೋಳದ ನುಚ್ಚು, ಅಂಬಲಿಗೆ ಮಜ್ಜಿಗೆ ಬೆರೆಸಿಕೊಳ್ಳಬಹುದು. ಕರಾವಳಿಯ ಕುಚ್ಚಲಕ್ಕಿ ಗಂಜಿಯಲ್ಲಿ ಮೊದಲೆರಡು ದಿನ ತಿಳಿ ಮಾತ್ರ, ಅಗಳು ಆಮೇಲೆ.

ಮೋಸ ಮಾಡುವುದು ನೋಡಲು ಮೆತ್ತಗಿರುವ ತಿಂಡಿಗಳು. ಮೊಸರನ್ನ ಸರಿ, ಅದರ ಮೇಲಿನ ಒಗ್ಗರಣೆಯ ಸಾಸಿವೆ ಸರಿಯಲ್ಲ. ಹೊಲಿಗೆಯ ದಾರದಡಿ ಒಂದು ಕಾಳು ಹೊಕ್ಕರೆ ನಾಲಿಗೆ ಇಡೀ ದಿನ ಅದನ್ನೇ ಕೆದಕುತ್ತದೆ. ಉಪ್ಪಿಟ್ಟಿನ ರವೆ ಮೆತ್ತಗೆ, ಒಳಗಿನ ಕಡಲೆಬೇಳೆ ಗಟ್ಟಿ. ಇಡ್ಲಿ ತೊವ್ವೆಯಲ್ಲಿ ನೆನೆದರೆ ಸೊಗಸು, ಗರಿಗರಿ ದೋಸೆ ಕಾಯಬೇಕು. ಚಪಾತಿ ಮೆದುವೆಂದು ಕಂಡರೂ ಹರಿದು ಅಗಿಯಲು ಅನ್ನಕ್ಕಿಂತ ಹೆಚ್ಚು ಬಲ ಬೇಡುತ್ತದೆ. ಸೀಬೆಯ ಬೀಜ, ಎಳ್ಳು, ಕಾಮಕಸ್ತೂರಿ ಹೊಲಿಗೆ ಬಿಚ್ಚುವವರೆಗೆ ದೂರ.

ಮೆತ್ತಗಿರುವುದೊಂದೇ ಸಾಲದು ಎಂಬ ಅರಿವೂ ನಡುವೆ ಬೆಳೆಯಿತು. ಗಂಜಿ, ಜ್ಯೂಸ್‌ಗಳಲ್ಲಿ ಪಿಷ್ಟ, ಸಕ್ಕರೆ ಧಾರಾಳ, ಪ್ರೋಟೀನ್ ಕಡಿಮೆ. ಗಾಯ ಕೂಡಲು ಬೇಕಾದದ್ದು ಪ್ರೋಟೀನ್: ಹೆಸರುಬೇಳೆ ತೊವ್ವೆ, ಹುರುಳಿ ಕಟ್ಟು, ಮೆದುವಾಗಿ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಪನೀರ್. 2009ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ ಡಿ ಜೀವಸತ್ವ ಕೊರತೆಯಿದ್ದಾಗ ಮೂಳೆ-ಟೈಟೇನಿಯಂ ಬೆಸುಗೆ ದುರ್ಬಲವಾಗಿತ್ತು. ಮನುಷ್ಯರಲ್ಲಿ ಫಲಿತಾಂಶ ಅಷ್ಟು ಸ್ಪಷ್ಟವಿಲ್ಲ, ಹಾಗಾಗಿ ಮಾತ್ರೆಯನ್ನು ತಾವಾಗಿಯೇ ನುಂಗತೊಡಗುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸುವುದು ಮೇಲು. ಸಕ್ಕರೆ ಕಾಯಿಲೆಯವರಿಗೆ ‘ಐಸ್‌ಕ್ರೀಂ ತಿನ್ನಿ’ ಎನ್ನುವ ಚೀಟಿ ಅಪಾಯದ್ದೇ. ಊಟ ಅರ್ಧವಾಗಿ, ಮಾತ್ರೆ ಅಥವಾ ಇನ್ಸುಲಿನ್ ಎಂದಿನಷ್ಟೇ ಮುಂದುವರಿದರೆ ಸಕ್ಕರೆ ಕುಸಿಯಲೂಬಹುದು. ಆ ಪ್ರಮಾಣವನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು.

ತಂಬಾಕಿನ ವಿಷಯದಲ್ಲಿ ತೀರ್ಪು ಹಳೆಯದು. 1993ರಲ್ಲಿ ಬೇನ್ ಮತ್ತು ಮೋಯ್ 540 ರೋಗಿಗಳ 2,194 ಇಂಪ್ಲಾಂಟ್‌ಗಳನ್ನು ಪರಿಶೀಲಿಸಿದಾಗ, ಸೇದುವವರಲ್ಲಿ ಶೇ 11.28, ಸೇದದವರಲ್ಲಿ ಶೇ 4.76 ವಿಫಲವಾಗಿದ್ದವು. ಎಲೆ-ಅಡಿಕೆಯ ಬಗ್ಗೆ ನಮ್ಮವರು ‘ಒಂದೇ ಒಂದು ಹೋಳು’ ಎಂದು ಚೌಕಾಸಿಗಿಳಿಯುತ್ತಾರೆ. ಅಡಿಕೆ ಒಡೆಯುವ ಬಲ, ಸುಣ್ಣದ ಉರಿ ಎರಡೂ ಹೊಸ ಇಂಪ್ಲಾಂಟಿಗೆ ಆಗುವಂಥದ್ದಲ್ಲ.

ಗಟ್ಟಿ ತಿನ್ನಲು ಶುರುಮಾಡುವ ದಿನವನ್ನು ಬಹುಕಾಲ ಕ್ಯಾಲೆಂಡರ್ ನೋಡಿಯೇ ಹೇಳುತ್ತಿದ್ದರು. 1996ರಲ್ಲಿ ನೀಲ್ ಮೆರೆಡಿತ್ ಮತ್ತು ಸಂಗಡಿಗರು ಕಂಪನದಿಂದ ಬಿಗಿ ಅಳೆಯುವ ವಿಧಾನ ಪ್ರಕಟಿಸಿದ ಮೇಲೆ ಒಂದರಿಂದ ನೂರರವರೆಗಿನ ಒಂದು ಅಂಕಿ ಕೈಗೆ ಬಂತು. ಎಪ್ಪತ್ತು ದಾಟಿದರೆ ವೈದ್ಯರು ಸಾಮಾನ್ಯವಾಗಿ ನಿರಾಳರಾಗುತ್ತಾರೆ. ಆದರೆ ಅಳತೆಯ ಕಡ್ಡಿಯನ್ನು ಇಂಪ್ಲಾಂಟಿಗೇ ತಿರುಪಬೇಕು. ಮೇಲೆ ಹಲ್ಲಿನ ಸಾಲು ಕೂತಿದ್ದರೆ ಅದನ್ನು ಬಿಚ್ಚದೆ ಅಳೆಯಲಾಗದು, ಕೂಡಿಕೊಳ್ಳುತ್ತಿರುವ ವಾರಗಳಲ್ಲಿ ಬಿಚ್ಚಲು ವೈದ್ಯರು ಇಷ್ಟಪಡುವುದಿಲ್ಲ. ಹೀಗಾಗಿ ಬಿಗಿ ಎಲ್ಲಕ್ಕಿಂತ ಕಡಿಮೆಯಿರುವ ದಿನಗಳಲ್ಲಿ, ತಕ್ಷಣ ಹಲ್ಲು ಕಟ್ಟಿಸಿಕೊಂಡವರ ವಿಷಯದಲ್ಲಿ, ವೈದ್ಯರಿಗೆ ಉಳಿಯುವ ಪರೀಕ್ಷೆ ಒಂದೇ: ‘ನಿನ್ನೆ ಏನು ತಿಂದ್ರಿ?’