ಟೆಪರಿ ಬೀನ್ಸ್ ಮತ್ತು ಉಷ್ಣಸಹಿಷ್ಣು ತಳಿಗಳ ಚರಿತ್ರೆ

ಹುರುಳಿಕಾಯಿ, ರಾಜ್ಮಾ ಎಂದು ಪರಿಚಿತವಾದ ಬೀನ್ಸ್ ಮೂಲತಃ ಅಮೆರಿಕ ಖಂಡಗಳ ತಂಪು ಸೀಮೆಗಳ ಬೆಳೆ. ರಾತ್ರಿಯ ಉಷ್ಣತೆ ಏರಿದರೆ ಅದರ ಪರಾಗ ಶಕ್ತಿಗುಂದಿ ಕಾಯಿ ಕಟ್ಟುವುದಿಲ್ಲ. ಈ ಕೊರತೆಗೆ ಪರಿಹಾರ ಕಂಡದ್ದು ಅದರ ಸಮೀಪದ ಪ್ರಭೇದವಾದ ಟೆಪರಿಯಲ್ಲಿ. ಅಮೆರಿಕ-ಮೆಕ್ಸಿಕೊ ಗಡಿಯ ಸೊನೊರಾ ಮರುಭೂಮಿಯ ತೊಹೊನೊ ಓಓಧಮ್ ಜನರು ಬೇಸಿಗೆ ಮಳೆಯ ಹರಿನೀರನ್ನು ಹೊಲಕ್ಕೆ ತಿರುಗಿಸಿ ಟೆಪರಿಯನ್ನು ತಲೆಮಾರುಗಳಿಂದ ಬೆಳೆದಿದ್ದರು.

ಈ ಎರಡು ಪ್ರಭೇದಗಳ ಸಂಕರ ಸುಲಭವಲ್ಲ. ಎಳೆಯ ಭ್ರೂಣವನ್ನು ಪ್ರಯೋಗಾಲಯದಲ್ಲಿ ಪೋಷಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಕೊಲಂಬಿಯದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರವು 2015ರಲ್ಲಿ 30 ಉಷ್ಣಸಹಿಷ್ಣು ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಹಲವು ಟೆಪರಿಯ ಸಂಕರದಿಂದ ಬಂದವು. ತಳಿ ಅಭಿವೃದ್ಧಿಯ ಚರಿತ್ರೆಯನ್ನು ಪ್ರಯೋಗಾಲಯದಿಂದ ಆರಂಭಿಸುವುದು ವಾಡಿಕೆ. ಆದರೆ ಈ ಚರಿತ್ರೆಯ ಮೊದಲ ಅಧ್ಯಾಯವು ಬೀಜವನ್ನು ಕಾಪಾಡಿಕೊಂಡು ಬಂದ ಮರುಭೂಮಿಯ ಬೇಸಾಯಗಾರರಿಗೆ ಸಲ್ಲತಕ್ಕದ್ದು.