ಟೌಂಗ್ ಕಪಾಲ ಮತ್ತು ರೇಮಂಡ್ ಡಾರ್ಟ್

1924ರಲ್ಲಿ ದಕ್ಷಿಣ ಆಫ್ರಿಕದ ಟೌಂಗ್ ಬಳಿಯ ಸುಣ್ಣಕಲ್ಲಿನ ಗಣಿಯಿಂದ ಜೋಹಾನ್ಸ್‌ಬರ್ಗಿಗೆ ಬಂದ ಕಲ್ಲುಗಳಲ್ಲಿ ಎಳೆಯ ಜೀವಿಯೊಂದರ ಮುಖವೂ ಮಿದುಳಿನ ಅಚ್ಚೂ ಶಿಲೀಭೂತವಾಗಿ ಉಳಿದಿದ್ದವು. ಅವುಗಳ ಮಹತ್ತ್ವವನ್ನು ಅರಿತವರು ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಆಸ್ಟ್ರೇಲಿಯ ಮೂಲದ ರೇಮಂಡ್ ಡಾರ್ಟ್ (1893–1988). ಮಿದುಳು ಚಿಕ್ಕದು, ಆದರೆ ಬೆನ್ನುಹುರಿ ಹಾಯುವ ರಂಧ್ರವು ಕಪಾಲದ ತಳದಲ್ಲಿ ಮುಂದಕ್ಕಿತ್ತು, ಕೋರೆಹಲ್ಲುಗಳು ಸಣ್ಣವಾಗಿದ್ದವು. ಆ ಜೀವಿ ನೆಟ್ಟಗೆ ನಡೆಯುತ್ತಿತ್ತೆಂದು ತರ್ಕಿಸಿದ ಡಾರ್ಟ್, 1925ರ ಫೆಬ್ರವರಿ 7ರ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಸಿದರು.

ಲಂಡನ್ನಿನ ಪ್ರಮುಖ ವಿದ್ವಾಂಸರು ಒಪ್ಪಲಿಲ್ಲ. ಎಳೆಯ ಕಪಾಲವೊಂದರಿಂದ ಪ್ರೌಢರೂಪವನ್ನು ಊಹಿಸಲಾಗದೆಂಬ ಆಕ್ಷೇಪಕ್ಕೆ ಆಧಾರವಿತ್ತು. ಆದರೆ 1912ರಲ್ಲಿ ಇಂಗ್ಲೆಂಡಿನಲ್ಲಿಯೇ ಪ್ರಕಟವಾದ ಪಿಲ್ಟ್‌ಡೌನ್ ಮಾನವನು, ಮಿದುಳೇ ಮೊದಲು ಬೆಳೆಯಿತೆಂಬ ನಂಬಿಕೆಯನ್ನು ಆಗಲೇ ಬಲಪಡಿಸಿದ್ದನು. ರಾಬರ್ಟ್ ಬ್ರೂಮ್ ಅವರು 1936ರಿಂದ ಸ್ಟರ್ಕ್‌ಫಾಂಟೇನ್ ಮೊದಲಾದೆಡೆ ಪ್ರೌಢ ಅವಶೇಷಗಳನ್ನು ಹೊರತೆಗೆದ ಬಳಿಕ ವಾದದ ದಿಕ್ಕು ಬದಲಾಯಿತು. 1947ರಲ್ಲಿ ಹಳೆಯ ವಿರೋಧಿ ಆರ್ಥರ್ ಕೀತ್, ಡಾರ್ಟ್ ಹೇಳಿದ್ದೇ ಸರಿಯೆಂದು ಬರೆದರು. 1953ರಲ್ಲಿ ಪಿಲ್ಟ್‌ಡೌನ್ ಕೃತ್ರಿಮವೆಂದು ಸಿದ್ಧವಾಯಿತು.

ಡಾರ್ಟ್ ಅವರ ಎಲ್ಲ ನಿರ್ಣಯಗಳೂ ನಿಲ್ಲಲಿಲ್ಲ. ಮಕಪನ್ಸ್‌ಗಾಟ್ ಗುಹೆಯ ಎಲುಬುಗಳು ಈ ಪೂರ್ವಜರ ಆಯುಧಗಳೆಂಬ ಅವರ ಸಿದ್ಧಾಂತವನ್ನು ಸಿ. ಕೆ. ಬ್ರೇನ್ ಅವರ ಅಧ್ಯಯನ ಅಲ್ಲಗಳೆಯಿತು. ಅಂತಹ ಎಲುಬುರಾಶಿಗಳು ಬಹುಮಟ್ಟಿಗೆ ಮಾಂಸಾಹಾರಿ ಪ್ರಾಣಿಗಳ ಆಹಾರಶೇಷ. ಎರಡೂ ಪ್ರಸಂಗಗಳಲ್ಲಿ ತೀರ್ಪು ನೀಡಿದ್ದು ಪೀಠದ ಅಧಿಕಾರವಲ್ಲ, ಮೂಳೆಗಳ ಮರುಪರಿಶೀಲನೆ. ಆದರೂ ವಿದ್ಯಾಕೇಂದ್ರಗಳಿಂದ ದೂರದಲ್ಲಿ ದೊರೆತ ಪ್ರಮಾಣವೊಂದು ಮನ್ನಣೆಗಾಗಿ 22 ವರ್ಷ ಕಾಯಬೇಕಾಯಿತೆಂಬುದು ವಿಜ್ಞಾನದ ಇತಿಹಾಸಕಾರರು ಮರೆಯಬಾರದ ಸಂಗತಿ.